ಗೊಬ್ಬರದ ಚೀಲಗಳ ನಡುವೆ ಡಾಕ್ಟರೇಟ್: ಒಂದು ಹೈಬ್ರಿಡ್ ಪಿಎಚ್.ಡಿ.ಯ ಮೂರು ವರ್ಷ

ಹೈಬ್ರಿಡ್ ಎಂಬ ಮಾತು ನಮ್ಮ ಮನೆಗೆ ಬಂದದ್ದು ಬೀಜದ ಅಂಗಡಿಯಿಂದ. ಹೈಬ್ರಿಡ್ ಟೊಮೆಟೊ, ಹೈಬ್ರಿಡ್ ಜೋಳ, ಹೈಬ್ರಿಡ್ ಬದನೆ. ಹಾಗಾಗಿ 2023ರ ಜನವರಿಯಲ್ಲಿ ನಾನು ಹೈಬ್ರಿಡ್ ಪಿಎಚ್.ಡಿ.ಗೆ, ಅಂದರೆ ಅರ್ಧ ಆನ್‌ಲೈನ್, ಅರ್ಧ ತರಗತಿಯಲ್ಲಿ ಕೂತು ಓದುವ ಡಾಕ್ಟರೇಟಿಗೆ, ಸೇರುತ್ತೇನೆ ಎಂದಾಗ ಅತ್ತೆ ಅಕ್ಕಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು, "ಇಳುವರಿ ಬರುತ್ತದೆ ಮಾರಾಯಿತಿ, ರುಚಿ ಇರುವುದಿಲ್ಲ. ಮುಂದಿನ ವರ್ಷಕ್ಕೆ ಬೀಜ ಇಟ್ಟುಕೊಳ್ಳಲಿಕ್ಕೂ ಬರುವುದಿಲ್ಲ" ಎಂದರು. ಮೂರು ವರ್ಷ ದಾಟಿದೆ. ಬೀಜದ ವಿಷಯದಲ್ಲಿ ಅವರ ಮಾತು ತಪ್ಪಾಯಿತು. ರುಚಿಯ ವಿಷಯದಲ್ಲಿ ಅರ್ಧ ಸರಿ. ಇಳುವರಿ ಇನ್ನೂ ಕಣಕ್ಕೆ ಬಂದಿಲ್ಲ; ಪ್ರಬಂಧದ ಕೊನೆಯ ಎರಡು ಅಧ್ಯಾಯ ಬಾಕಿ ಇವೆ.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಹೊಗಳಿಕೆಗೂ ದೂರಿಗೂ ಬೆಲೆ ಕಟ್ಟಲು ನಿಮಗೆ ಆಗುವುದಿಲ್ಲ. ವಯಸ್ಸು 49. ಮನೆ ಮಂಡಗದ್ದೆಯಿಂದ ಒಳಕ್ಕೆ, ಡಾಂಬರು ಮುಗಿದ ಮೇಲೂ ಒಂದೂವರೆ ಕಿಲೋಮೀಟರ್. ಕೆಲಸ ತೀರ್ಥಹಳ್ಳಿ ತಾಲ್ಲೂಕಿನ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ. ವಾಣಿಜ್ಯಶಾಸ್ತ್ರ ಕಲಿಸಲು ಶುರುಮಾಡಿ 24 ವರ್ಷವಾಯಿತು, ಪ್ರಭಾರ ಪ್ರಾಂಶುಪಾಲೆಯಾಗಿ ಆರು. ಪ್ರಭಾರ ಎಂದರೆ ಏನೆಂದು ಕಾಲೇಜಿನ ಹೊರಗಿನವರಿಗೆ ಅಷ್ಟಾಗಿ ತಿಳಿದಿರುವುದಿಲ್ಲ. ಸಹಿ ನಮ್ಮದು, ಬೈಗುಳ ನಮ್ಮದು, ಹುದ್ದೆ ಮಾತ್ರ ನಮ್ಮದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2018ರ ನಿಯಮದಂತೆ ಪೂರ್ಣ ಪ್ರಾಂಶುಪಾಲರಾಗಬೇಕಾದರೆ ಪಿಎಚ್.ಡಿ. ಇರಬೇಕು, 15 ವರ್ಷದ ಅನುಭವ ಇರಬೇಕು, 10 ಸಂಶೋಧನಾ ಲೇಖನ ಇರಬೇಕು, ಅದರ ಮೇಲೆ 110 ಸಂಶೋಧನಾ ಅಂಕ. ಇಷ್ಟರಲ್ಲಿ ನನ್ನ ಕೈಯಲ್ಲಿದ್ದದ್ದು ಅನುಭವ ಒಂದೇ.

ಇನ್ನೊಂದು ಕಾರಣ ಹೇಳಲು ಸ್ವಲ್ಪ ನಾಚಿಕೆ. ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್‌ನ ಏಳು ಮಾನದಂಡಗಳಲ್ಲಿ ಆರನೆಯದು ಆಡಳಿತ, ನಾಯಕತ್ವ ಮತ್ತು ನಿರ್ವಹಣೆ. ಕಾಲೇಜಿನ ಆಂತರಿಕ ಗುಣಮಟ್ಟ ಕೋಶದ (ಐಕ್ಯೂಎಸಿ) ಸಂಯೋಜಕಿಯಾಗಿದ್ದಾಗ ಆ ಆರನೆಯ ಮಾನದಂಡದ ಪುಟಗಳನ್ನು ಎರಡು ಸಲ ತುಂಬಿದವಳು ನಾನೇ. ನಾಯಕತ್ವ ಎಂದರೆ ಏನು ಎಂದು ಯಾರಾದರೂ ನಿಲ್ಲಿಸಿ ಕೇಳಿದ್ದರೆ ತಡವರಿಸುತ್ತಿದ್ದೆ. ಅದಕ್ಕೆ ದಾಖಲೆ ಒದಗಿಸುವುದು ಮಾತ್ರ ಚೆನ್ನಾಗಿ ಬರುತ್ತಿತ್ತು, ಜಿಯೋಟ್ಯಾಗ್ ಮಾಡಿದ ಫೋಟೋ ಸಮೇತ.

ವಿಶ್ವವಿದ್ಯಾಲಯ ಬೆಂಗಳೂರಿನದು, ಖಾಸಗಿ. ಹೆಸರು ಹೇಳುವುದಿಲ್ಲ. ಪ್ರಬಂಧ ಒಪ್ಪಿಸುವ ತನಕ ನಾನಿನ್ನೂ ಅದೇ ಹೊಳೆಯಲ್ಲಿದ್ದೇನೆ, ಮೊಸಳೆಯ ಸಂಗಡ ವೈರ ಬೇಡ. ಕೈಪಿಡಿಯಲ್ಲಿ ಕೋರ್ಸಿನ ಹೆಸರು ದೊಡ್ಡ ಅಕ್ಷರದಲ್ಲಿತ್ತು: ಉನ್ನತ ಶಿಕ್ಷಣ ನಾಯಕತ್ವದಲ್ಲಿ ಹೈಬ್ರಿಡ್ ಡಾಕ್ಟರೇಟ್. ಇಲ್ಲಿಯೇ ಮೊದಲ ಎಚ್ಚರಿಕೆ. ನಮ್ಮ ದೇಶದಲ್ಲಿ ಪಿಎಚ್.ಡಿ.ಯನ್ನು ಆನ್‌ಲೈನ್ ಆಗಿ ಅಥವಾ ದೂರಶಿಕ್ಷಣದಲ್ಲಿ ಕೊಡುವಂತಿಲ್ಲ. ವಿದೇಶಿ ಸಂಸ್ಥೆಗಳ ಹೆಸರಿನಲ್ಲಿ ಆನ್‌ಲೈನ್ ಪಿಎಚ್.ಡಿ. ಮಾರುವ ಕಂಪನಿಗಳ ಬಗ್ಗೆ ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ 2022ರ ಅಕ್ಟೋಬರ್‌ನಲ್ಲಿ ಜಂಟಿಯಾಗಿ ಪ್ರಕಟಣೆ ಹೊರಡಿಸಿ, ಅಂಥ ಪದವಿಗೆ ಮಾನ್ಯತೆ ಇಲ್ಲವೆಂದು ಹೇಳಿದ್ದವು. ಹಾಗಾದರೆ ಇದು ಯಾವ ಜಾತಿಯ ಬೀಜ ಎಂದು ತಿಳಿಯಲು ಎರಡು ವಾರ ಫೋನ್ ಮಾಡಿದೆ. ಕೊನೆಗೆ ಸಿಕ್ಕ ಉತ್ತರ ಇಷ್ಟು: ಕಾಗದದ ಮೇಲೆ ಇದು ಅರೆಕಾಲಿಕ ಪಿಎಚ್.ಡಿ., ವಿಷಯ ನಿರ್ವಹಣಾಶಾಸ್ತ್ರ. ಹೈಬ್ರಿಡ್ ಎನ್ನುವುದು ಕೋರ್ಸ್‌ವರ್ಕ್, ಅಂದರೆ ಪ್ರಬಂಧಕ್ಕೆ ಮುನ್ನ ಓದಿ ಮುಗಿಸಬೇಕಾದ ಪತ್ರಿಕೆಗಳನ್ನು, ಪಾಠ ಮಾಡುವ ಬಗೆಗೆ ಇಟ್ಟ ಹೆಸರು, ನಾಯಕತ್ವ ಎನ್ನುವುದು ವಿಶೇಷ ಕ್ಷೇತ್ರ. ಪ್ರಮಾಣಪತ್ರದಲ್ಲಿ ಈ ಎರಡೂ ಇರುವುದಿಲ್ಲ. ನನಗೆ ಅದರಿಂದ ತೊಂದರೆಯಿಲ್ಲ, ನನ್ನ ಎಂ.ಕಾಂ.ಗೆ ನಿರ್ವಹಣಾಶಾಸ್ತ್ರ ಹೊಂದುತ್ತದೆ. ಆದರೆ ನನ್ನ ಜೊತೆ ಸೇರಿದ ಒಬ್ಬ ಇತಿಹಾಸದ ಅಧ್ಯಾಪಕರು ಈ ಪ್ರಶ್ನೆಯನ್ನು ಒಂದು ವರ್ಷದ ಶುಲ್ಕ ಕಟ್ಟಿದ ಮೇಲೆ ಕೇಳಿದರು.

ಅರೆಕಾಲಿಕವಾದ್ದರಿಂದ ಕೆಲಸ ಮಾಡುವ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು. ಅದರಲ್ಲಿ ಸುಮ್ಮನೆ ಒಪ್ಪಿಗೆ ಎಂದು ಬರೆದರೆ ಸಾಲದು. ಓದಲು ಸಾಕಷ್ಟು ಸಮಯ ಸಿಗುವಂತೆ ಇವರ ಕೆಲಸವಿದೆ, ಬೇಕಾದರೆ ಕೋರ್ಸ್‌ವರ್ಕ್‌ಗಾಗಿ ಕೆಲಸದಿಂದ ಬಿಡುವು ಕೊಡುತ್ತೇವೆ ಎಂದೂ ಬರೆದುಕೊಡಬೇಕು. ಆಡಳಿತ ಮಂಡಳಿಯ ಕಾರ್ಯದರ್ಶಿಯವರಿಗೆ ಅಡಿಕೆ ಮಂಡಿ ಇದೆ. ಪತ್ರವನ್ನು ಎರಡು ಸಲ ಓದಿ, "ನಿಮಗೆ ಸಾಕಷ್ಟು ಸಮಯ ಇದೆ ಎಂದು ನಾನು ಸಹಿ ಹಾಕಿದರೆ, ಇಷ್ಟು ದಿನ ಸಮಯವಿಲ್ಲ ಎಂದು ನೀವು ಹೇಳಿದ್ದು ಏನಾಯಿತು ಮೇಡಂ?" ಎಂದು ಕೇಳಿದರು. ನಗುತ್ತಲೇ ಕೇಳಿದರು, ನಗುತ್ತಲೇ ಸಹಿ ಹಾಕಿದರು. ಮರುದಿನವೇ ಪ್ರವೇಶ ಸಮಿತಿಯ ಕೆಲಸವನ್ನೂ ನನಗೆ ವಹಿಸಿದರು.

ಶುಲ್ಕ ವರ್ಷಕ್ಕೆ 1,10,000 ರೂಪಾಯಿ. ನಾನು ಸೇರಿದ ವರ್ಷದ ದರದಲ್ಲಿ ಎರಡು ಕ್ವಿಂಟಲ್ ರಾಶಿ ಅಡಿಕೆ ಕೊಟ್ಟರೂ ಸ್ವಲ್ಪ ಕಡಿಮೆ ಬೀಳುತ್ತಿತ್ತು. ಯಜಮಾನರು ಲೆಕ್ಕವನ್ನು ಹೀಗೆಯೇ ಇಡುತ್ತಾರೆ. ನನ್ನ ಎರಡನೆಯ ವರ್ಷ ಕೊಳೆರೋಗಕ್ಕೆ ಹೋಯಿತು ಎಂದು ಈಗಲೂ ಹೇಳುತ್ತಾರೆ. ಇದರ ಹೊರಗೆ ಪರೀಕ್ಷಾ ಶುಲ್ಕ, ಅತಿಥಿಗೃಹದ ಬಾಡಿಗೆ, ಕೃತಿಚೌರ್ಯ ತಪಾಸಣೆಯ ಶುಲ್ಕ. ಇವು ಯಾವುವೂ ಕೈಪಿಡಿಯ ಮುಂದಿನ ಪುಟಗಳಲ್ಲಿರಲಿಲ್ಲ.

ಈಗ ಆನ್‌ಲೈನ್ ಅರ್ಧದ ಮಾತು. ಮೊದಲ ವರ್ಷ ಮಂಗಳವಾರ ಮತ್ತು ಗುರುವಾರ ಸಂಜೆ 7ರಿಂದ 9. ಬೆಂಗಳೂರಿನಲ್ಲಿ ಕೂತು ವೇಳಾಪಟ್ಟಿ ಬರೆದವರಿಗೆ ಇದು ಎಲ್ಲರಿಗೂ ಅನುಕೂಲದ ಹೊತ್ತು. ನಮ್ಮಲ್ಲಿ ಆ ಹೊತ್ತಿಗೆ ಕರೆಂಟ್ ಇದ್ದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದರೆ ಕರೆಂಟ್ ಇಲ್ಲ. ಜೂನ್ ಕಳೆದರೆ ಎರಡೂ ಇಲ್ಲ. ಮೊದಲ ತಿಂಗಳು ಕಾರನ್ನು ಗುಡ್ಡದ ತಿರುವಿನಲ್ಲಿ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಮೊಬೈಲ್ ಒರಗಿಸಿಕೊಂಡು ಪಾಠ ಕೇಳಿದೆ. ಕೋವಿಡ್ ಕಾಲದಲ್ಲಿ ನನ್ನ ವಿದ್ಯಾರ್ಥಿಗಳು ಇದೇ ಗುಡ್ಡ ಹತ್ತಿ ಕೂತು ನನ್ನ ಪಾಠ ಕೇಳಿದ್ದರು. ಆಗ ಹಾಜರಾತಿಯ ವಿಷಯದಲ್ಲಿ ನಾನು ಸ್ವಲ್ಪ ಬಿಗಿಯಾಗಿಯೇ ಇದ್ದೆ. ಕಾರಿನ ಗಾಜಿಗೆ ಮಳೆ ಬಡಿಯುತ್ತಿದ್ದಾಗ ಅದು ನೆನಪಾಗಿ ಮೈ ಹಿಂಡಿದಂತಾಯಿತು.

ನನ್ನನ್ನು ಉಳಿಸಿದ್ದು ಊರಿನ ಸೊಸೈಟಿ. ಅಲ್ಲಿ ಕಂಪ್ಯೂಟರ್ ಇರುವುದರಿಂದ ಯುಪಿಎಸ್ ಇದೆ, ಕೇಬಲ್ ಮೂಲಕ ಬರುವ ಇಂಟರ್ನೆಟ್ ಇದೆ. ಕಾರ್ಯದರ್ಶಿ ನನ್ನ ಹಳೆಯ ವಿದ್ಯಾರ್ಥಿ. ಆರು ಗಂಟೆಗೆ ಬಾಗಿಲು ಹಾಕಿ ಬೀಗದ ಕೈಯನ್ನು ನಮ್ಮ ಮನೆಗೆ ತಂದುಕೊಡುತ್ತಿದ್ದ. ಅಲ್ಲಿನ ಕಚೇರಿ ಕೋಣೆ ಇಕ್ಕಟ್ಟಾದ್ದರಿಂದ ನಾನು ಕೂರುತ್ತಿದ್ದದ್ದು ಗೊಬ್ಬರದ ದಾಸ್ತಾನಿನ ಬಾಗಿಲಲ್ಲಿ. ಹೀಗಾಗಿ ಒಂದು ವರ್ಷ ನನ್ನ ಸಹಪಾಠಿಗಳ ಪರದೆಯಲ್ಲಿ ನನ್ನ ಹಿಂದೆ ಪುಸ್ತಕದ ಕಪಾಟಿನ ಬದಲು ಯೂರಿಯಾ ಚೀಲಗಳ ಸಾಲು ಕಾಣುತ್ತಿತ್ತು. ಒಮ್ಮೆ ಪಾಠ ಮಾಡುತ್ತಿದ್ದ ಪ್ರಾಧ್ಯಾಪಕರು ಮಾತು ನಿಲ್ಲಿಸಿ, ಚೀಲಗಳು ಕಡಿಮೆಯಾಗಿವೆಯಲ್ಲ, ಬಿತ್ತನೆ ಶುರುವಾಯಿತೆ ಎಂದು ಕೇಳಿದರು. ಆ ವರ್ಷ ಆನ್‌ಲೈನ್ ತರಗತಿಯಲ್ಲಿ ನನ್ನ ಕಡೆ ತಿರುಗಿ ಯಾರಾದರೂ ನಿಜವಾಗಿ ಕೇಳಿದ ಪ್ರಶ್ನೆ ಅದೊಂದೇ ಎಂದರೂ ತಪ್ಪಾಗದು.

ದೂರು ಇರುವುದು ಇಲ್ಲಿಯೇ. ತಿಂಗಳಿಗೊಂದು ವಾರಾಂತ್ಯ ಬೆಂಗಳೂರಿನ ತರಗತಿಗೆ ಹೋಗಬೇಕು. ಹೋಗಲಾಗದವರು ಅದನ್ನೂ ಆನ್‌ಲೈನ್‌ನಲ್ಲಿ ಸೇರಬಹುದು ಎಂದು ಕೈಪಿಡಿ ಹೇಳುತ್ತದೆ. ಒಂದು ಸಲ ಹಾಗೆ ಸೇರಿ ನೋಡಿದೆ. ಮೈಕು ಪ್ರಾಧ್ಯಾಪಕರ ಅಂಗಿಗೆ ಸಿಕ್ಕಿಸಿದ್ದು. ಅವರ ಉಸಿರೂ ಕೇಳುತ್ತದೆ, ಕೋಣೆಯಲ್ಲಿ ಕೂತವರ ಪ್ರಶ್ನೆ ಕೇಳುವುದಿಲ್ಲ. ಅವರು ಹಲಗೆಯ ಬಲಗಡೆ ಬರೆಯುತ್ತಾರೆ, ಕ್ಯಾಮೆರಾ ಎಡಗಡೆ ನೋಡುತ್ತಿರುತ್ತದೆ. ಎಲ್ಲರೂ ಒಮ್ಮೆಲೇ ನಗುತ್ತಾರೆ, ಯಾಕೆಂದು ನಮಗೆ ತಿಳಿಯುವುದಿಲ್ಲ. ಮದುವೆ ಮನೆಯ ಚಪ್ಪರದ ಹೊರಗೆ ನಿಂತು ಊಟದ ಪರಿಮಳ ಕುಡಿದಂತೆ. ಇದರ ಮೇಲೆ ಹಾಜರಾತಿಯನ್ನು ತಂತ್ರಾಂಶವೇ ಹಾಕುತ್ತದೆ. ಸಂಪರ್ಕ ಮೂರು ಸಲ ತಪ್ಪಿದರೆ ಗೈರು. ಮೊದಲ ಸೆಮಿಸ್ಟರ್‌ನಲ್ಲಿ ನನಗೆ ಒಂಬತ್ತು ಗೈರು ಬಿದ್ದಿದ್ದವು. ಒಂಬತ್ತೂ ದಿನ ನಾನು ತರಗತಿಯಲ್ಲಿದ್ದೆ. ಕಚೇರಿಗೆ ಬರೆದ ನಾಲ್ಕು ಮಿಂಚಂಚೆಗೂ ಒಂದೇ ಉತ್ತರ ಬಂತು: ದಯವಿಟ್ಟು ತಮ್ಮ ಇಂಟರ್ನೆಟ್ ಸಂಪರ್ಕ ಸ್ಥಿರವಾಗಿರುವಂತೆ ನೋಡಿಕೊಳ್ಳಿ. ಐದನೆಯ ಸಲ ಮಿಂಚಂಚೆ ಬರೆಯದೆ ನೇರವಾಗಿ ಹೋಗಿ ಮೇಜಿನ ಮುಂದೆ ನಿಂತೆ. ಹತ್ತು ನಿಮಿಷದಲ್ಲಿ ಸರಿಯಾಯಿತು. ಹೈಬ್ರಿಡ್ ಶಿಕ್ಷಣದಲ್ಲಿ ಕೆಲಸ ಆಗಬೇಕಾದರೆ ದೇಹ ಅಲ್ಲಿರಬೇಕು ಎಂಬುದು ಅವತ್ತು ನಾನು ಕಲಿತ ಪಾಠ.

ಬೆಂಗಳೂರಿನ ವಾರಾಂತ್ಯಗಳು ಬೇರೆಯೇ. ಶುಕ್ರವಾರ ಕಾಲೇಜು ಮುಗಿಸಿ, ಮನೆಗೆ ಬಂದು ಸ್ನಾನ ಮಾಡಿ, ಬಸ್ಸಿನಲ್ಲಿ ಶಿವಮೊಗ್ಗ. ಅಲ್ಲಿಂದ ತಾಳಗುಪ್ಪ–ಮೈಸೂರು ರಾತ್ರಿ ರೈಲು. ಬೆಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ಇನ್ನೂ ಕತ್ತಲೆ. ಚೀಲದಲ್ಲಿ ಅಕ್ಕಿರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ, ಮೌಲ್ಯಮಾಪನ ಮಾಡಬೇಕಾದ ಒಂದು ಕಟ್ಟು ಇಂಟರ್ನಲ್ಸ್ ಉತ್ತರಪತ್ರಿಕೆ. ನಮ್ಮ ತಂಡದಲ್ಲಿ 14 ಜನ. ಹಾಸನದ ಕಡೆಯ ನರ್ಸಿಂಗ್ ಕಾಲೇಜಿನ ಉಪಪ್ರಾಂಶುಪಾಲರು, ಹುಬ್ಬಳ್ಳಿಯ ಪಾಲಿಟೆಕ್ನಿಕ್ ಒಂದರ ವಿಭಾಗ ಮುಖ್ಯಸ್ಥರು, ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದವರು, ಆ ಇತಿಹಾಸದ ಅಧ್ಯಾಪಕರು, ಯಾಕೆ ಬಂದೆನೆಂದು ಕೊನೆಯವರೆಗೂ ಹೇಳದ ಒಬ್ಬ ಸಾಫ್ಟ್‌ವೇರ್ ಕಂಪನಿಯ ತರಬೇತುದಾರ. ನಮ್ಮ ನಿಜವಾದ ತರಗತಿ ನಡೆದದ್ದು ಶನಿವಾರ ರಾತ್ರಿ, ಅತಿಥಿಗೃಹದ ಮೆಟ್ಟಿಲ ಮೇಲೆ. ಪರೀಕ್ಷಾ ವಿಭಾಗದವರು ಫಲಿತಾಂಶ ತಡವಾಗುವುದು ಒಳಗಿನಿಂದ ಹೇಗೆ ಕಾಣುತ್ತದೆ ಎಂದು ವಿವರಿಸಿದ ರಾತ್ರಿ, ಹತ್ತು ವರ್ಷದಿಂದ ನಾನು ಹೊತ್ತಿದ್ದ ಸಿಟ್ಟು ಅರ್ಧ ಇಳಿಯಿತು. ಯಾವ ಸುತ್ತೋಲೆಯೂ ಅದನ್ನು ಮಾಡಿರಲಿಲ್ಲ.

ಪಾಠಗಳಲ್ಲಿ ಏನಿತ್ತು ಎಂದು ಕೇಳುವವರಿಗೆ ಎರಡು ಉದಾಹರಣೆ. ಕೋಹೆನ್, ಮಾರ್ಚ್ ಮತ್ತು ಓಲ್ಸೆನ್ ಎಂಬ ಮೂವರು 1972ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು. ಅದರ ಹೆಸರನ್ನು ಕನ್ನಡಕ್ಕೆ ತಂದರೆ ಕಸದ ಡಬ್ಬಿ ಮಾದರಿ ಎಂದಾಗುತ್ತದೆ. ವಿಶ್ವವಿದ್ಯಾಲಯಗಳು ವ್ಯವಸ್ಥಿತ ಅರಾಜಕತೆಗಳಂತೆ. ಅಲ್ಲಿ ಸಮಸ್ಯೆ ಹುಟ್ಟಿದ ಮೇಲೆ ಪರಿಹಾರ ಹುಡುಕುವುದು ಕಡಿಮೆ. ಸಮಸ್ಯೆಗಳು, ಪರಿಹಾರಗಳು, ಬಂದುಹೋಗುವ ಜನ, ತೀರ್ಮಾನದ ಸಂದರ್ಭಗಳು ಎಲ್ಲವೂ ಒಂದೇ ಡಬ್ಬಿಯಲ್ಲಿ ಬಿದ್ದಿರುತ್ತವೆ, ಯಾವುದು ಯಾವುದಕ್ಕೆ ಅಂಟಿಕೊಳ್ಳುತ್ತದೋ ಅದೇ ನಿರ್ಣಯ. ಇದನ್ನು ಕೇಳಿ ನಾನು ಜೋರಾಗಿ ನಕ್ಕುಬಿಟ್ಟೆ. ನಮ್ಮ ಕಾಲೇಜಿನಲ್ಲಿ ಸಿಸಿ ಕ್ಯಾಮೆರಾ ಎಂಬ ಪರಿಹಾರವೊಂದು ಆರು ತಿಂಗಳಿಂದ ಪ್ರತಿ ಸಭೆಗೂ ಬಂದು ತನಗೊಂದು ಸಮಸ್ಯೆ ಹುಡುಕುತ್ತಿತ್ತು. ಮೊದಲು ಗ್ರಂಥಾಲಯದ ಪುಸ್ತಕ ಕಳವಿಗೆ ಬಂತು, ಆಮೇಲೆ ಹಾಜರಾತಿಗೆ ಬಂತು. ಕೊನೆಗೆ ಮಂಗಗಳಿಗೆ ಮಂಜೂರಾಯಿತು.

ಇನ್ನೊಂದು, ಬದಲಾವಣೆ ತರುವುದು ಹೇಗೆ ಎಂಬ ಜಾನ್ ಕೋಟರ್ ಅವರ ಎಂಟು ಮೆಟ್ಟಿಲು. ಮೊದಲು ತುರ್ತಿನ ಭಾವ ಹುಟ್ಟಿಸಿ, ಆಮೇಲೆ ತಂಡ ಕಟ್ಟಿ, ಕನಸು ಕಾಣಿ, ಹೀಗೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಹೋಯಿತು. ಒಂದೇ ಕಟ್ಟಡದಲ್ಲಿ ಹಳೆಯ ಪಠ್ಯಕ್ರಮದ ಬಾಕಿ ವಿಷಯದವರು, ಮಧ್ಯದವರು, ಹೊಸಬರು. ಒಬ್ಬೊಬ್ಬರಿಗೂ ಬೇರೆ ಅಂಕಪಟ್ಟಿ. ನಾವು ಮೂರನೆಯ ಮೆಟ್ಟಿಲಲ್ಲಿ ಕನಸು ಕಾಣುತ್ತಿದ್ದಾಗ ಏಣಿಯನ್ನೇ ಬೇರೆ ಗೋಡೆಗೆ ಒರಗಿಸಿದ್ದರು. ಇದನ್ನು ತರಗತಿಯಲ್ಲಿ ಹೇಳಿದಾಗ ಪ್ರಾಧ್ಯಾಪಕರು ಅಮೆರಿಕದ ಒಂದು ವಿಶ್ವವಿದ್ಯಾಲಯದ ಅಧ್ಯಕ್ಷರು ದತ್ತಿ ನಿಧಿಯನ್ನು ಹೇಗೆ ಬೆಳೆಸಿದರು ಎಂಬ ಪ್ರಕರಣಕ್ಕೆ ಮುಂದುವರಿದರು. ಪಠ್ಯದ ದೊಡ್ಡ ಕೊರತೆ ಇದು. ಇಡೀ ಕೋರ್ಸ್‌ವರ್ಕ್‌ನಲ್ಲಿ ಅತಿಥಿ ಉಪನ್ಯಾಸಕರು ಎಂಬ ಪದ ಒಮ್ಮೆಯೂ ಬರಲಿಲ್ಲ. 2023ರ ಕೊನೆಯಲ್ಲಿ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ಮುಷ್ಕರ ಹೂಡಿದ್ದರು, ತರಗತಿಗಳು ಖಾಲಿ ಬಿದ್ದಿದ್ದವು. ಅದೇ ವಾರ ನಮಗೆ ಪ್ರತಿಭಾವಂತ ಬೋಧಕರನ್ನು ಉಳಿಸಿಕೊಳ್ಳುವ ತಂತ್ರಗಳು ಎಂಬ ಪಾಠ ನಡೆಯುತ್ತಿತ್ತು. ಗಂಟೆ ಲೆಕ್ಕದ ಸಂಬಳದವರನ್ನು ಹಿಡಿದುಕೊಂಡು ಒಂದು ಸೆಮಿಸ್ಟರ್ ದಾಟಿಸುವುದು ನಾಯಕತ್ವವಲ್ಲದಿದ್ದರೆ ಇನ್ನು ಯಾವುದು ನಾಯಕತ್ವವೋ ನನಗೆ ತಿಳಿಯದು.

ಆ ಪದವೇ ನನಗೆ ಕಡೆಯವರೆಗೂ ಕಾಟ ಕೊಟ್ಟಿತು. ಪ್ರಬಂಧ ಇಂಗ್ಲಿಷಿನಲ್ಲಿ, ಅದಕ್ಕಾಗಿ ವಿದ್ಯಾರ್ಥಿನಿಯರ ಜೊತೆ ಮಾಡಿದ ಸಂದರ್ಶನಗಳು ಕನ್ನಡದಲ್ಲಿ. ನಾಯಕತ್ವ ಎಂದ ಕೂಡಲೇ ಹುಡುಗಿಯರು ಚುನಾವಣೆಯ ಮಾತೆಂದು ತಿಳಿದು ಸುಮ್ಮನಾಗುತ್ತಿದ್ದರು. ಯಜಮಾನಿಕೆ ಎಂದರೆ ಮನೆಯ ಗಂಡಸರ ಕಡೆ ನೋಡುತ್ತಿದ್ದರು. ಕೊನೆಗೆ ಎರಡನೆಯ ವರ್ಷದ ಬಿ.ಎ. ಹುಡುಗಿಯೊಬ್ಬಳು ತಾನಾಗಿಯೇ ಹೇಳಿದಳು: "ಕಾಲೇಜನ್ನು ನಡೆಸಿಕೊಂಡು ಹೋಗುವವರು ಯಾರು ಎಂದಲ್ಲವೆ ಮೇಡಂ ನೀವು ಕೇಳುತ್ತಿರುವುದು?" ಅಷ್ಟೇ. ನಡೆಸಿಕೊಂಡು ಹೋಗುವುದು. ಅದರಲ್ಲಿ ಮುಂದೆ ನಡೆಯುವುದೂ ಇದೆ, ಜೊತೆಗೆ ಕರೆದೊಯ್ಯುವುದೂ ಇದೆ, ಹೇಗೋ ಸುಧಾರಿಸುವುದೂ ಇದೆ. ನನ್ನ ಪ್ರಶ್ನಾವಳಿಯನ್ನು ಅವತ್ತು ರಾತ್ರಿ ಇಡೀ ತಿದ್ದಿದೆ. ಒಪ್ಪಿಗೆ ಪತ್ರದ ಕತೆ ಇನ್ನೊಂದು ಬಗೆ. ಸಂಶೋಧನಾ ನೀತಿಯಂತೆ ಪೋಷಕರಿಂದ ಸಹಿ ತೆಗೆದುಕೊಳ್ಳಬೇಕಿತ್ತು. ನಗರದ ಕಡೆಯ ಒಬ್ಬ ಹಿರಿಯರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಯಾರ ಸಾಲಕ್ಕೆ ಜಾಮೀನು ಎಂದು ಕೇಳಿದರು. ಹೊಸಬರಿಗಾಗಿ ಹೇಳುತ್ತೇನೆ, ನಮ್ಮಲ್ಲಿ ನಗರ ಎಂಬುದು ಹೊಸನಗರ ತಾಲ್ಲೂಕಿನ ಒಂದು ಹಳೆಯ ಊರು, ಪೇಟೆಯಲ್ಲ.

ನಾನು ಹಿಡಿದ ವಿಷಯ ಬಸ್ಸು. ಹೇಳಿಕೊಳ್ಳಲು ಸಣ್ಣದು. ನಮ್ಮಲ್ಲಿ ಕೊನೆಯ ಪೀರಿಯಡ್ 4.10ಕ್ಕೆ ಮುಗಿಯುತ್ತಿತ್ತು, ಒಳಊರುಗಳ ಬಸ್ಸು 3.50ಕ್ಕೆ ಹೊರಡುತ್ತಿತ್ತು. 41 ಜನರ ಒಂದು ತರಗತಿಯಲ್ಲಿ ಕೊನೆಯ ಪೀರಿಯಡ್‌ಗೆ 17 ಜನ ಉಳಿದರೆ ಹೆಚ್ಚು, ಅದರಲ್ಲಿ ಹುಡುಗಿಯರು ನಾಲ್ಕೋ ಐದೋ. ಕೊಪ್ಪದಲ್ಲಿ ಕಾರ್ಮಿಕರೇ ಕಟ್ಟಿ ನಡೆಸಿದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಮಲೆನಾಡಿನ ಎಷ್ಟೋ ಊರಿನವರು ಬಸ್ಸಿನ ಲೆಕ್ಕವನ್ನು ಮೊದಲಿನಿಂದ ಕಲಿಯಬೇಕಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಆದರೆ ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಟಿಕೆಟ್ ತೆಗೆಯಲೇಬೇಕು. ಶಿವಮೊಗ್ಗ ಪೇಟೆಯ ಹುಡುಗಿ ಖರ್ಚಿಲ್ಲದೆ ಕಾಲೇಜಿಗೆ ಹೋಗುತ್ತಾಳೆ, ಒಳಊರಿನವಳು ದಿನಕ್ಕೆ ಎರಡು ಸಲ ಚಿಲ್ಲರೆ ಎಣಿಸುತ್ತಾಳೆ. ಆರು ವರ್ಷ ನಾನು ಇದಕ್ಕೆ ಹುಡುಗಿಯರ ಅಶಿಸ್ತು ಎಂದು ಹೆಸರಿಟ್ಟು ಪೋಷಕರ ಸಭೆಯಲ್ಲಿ ಭಾಷಣ ಮಾಡಿದ್ದೆ.

ಮೆಚ್ಚಬೇಕಾದ್ದನ್ನು ಮೆಚ್ಚಬೇಕು. ಇದನ್ನು ನನ್ನ ಕಣ್ಣಿಗೆ ತಂದದ್ದು ಈ ಕೋರ್ಸೇ. ಜಪಾನಿನ ಇಶಿಕಾವಾ ಅವರ ಮೀನಿನ ಮುಳ್ಳಿನ ಚಿತ್ರವನ್ನು ನಮ್ಮಿಂದ ಬಿಡಿಸಿದರು: ತಲೆಯಲ್ಲಿ ಸಮಸ್ಯೆ, ಒಂದೊಂದು ಮುಳ್ಳಿಗೆ ಒಂದೊಂದು ಕಾರಣ. ಜಗಲಿಯ ಗೋಡೆಗೆ ಅಂಟಿಸಿದ್ದೆ. ಮೊದಲ ಮಳೆಗೆ ಹತ್ತುಮೀನು ಹಿಡಿಯುವ ಮನೆ ನಮ್ಮದು, ಅತ್ತೆ ಅದರ ಮುಂದೆ ನಿಂತು, "ಮುಳ್ಳು ಬರೆದದ್ದು ಸರಿ, ಮಾಂಸ ಎಲ್ಲಿ?" ಎಂದರು. ಮಾಂಸವೆಂದರೆ ಆರು ವಾರದ ಪ್ರಯೋಗ. ಊಟದ ಬಿಡುವನ್ನು ಒಂದು ಗಂಟೆಯಿಂದ 35 ನಿಮಿಷಕ್ಕೆ ಇಳಿಸಿ, ಕಂಪ್ಯೂಟರ್ ಲ್ಯಾಬನ್ನು ಬೆಳಗಿಗೆ ತಂದು, ಕೊನೆಯ ಪೀರಿಯಡ್ 3.40ಕ್ಕೆ ಮುಗಿಯುವಂತೆ ಮಾಡಿದೆ. ಕ್ಯಾಂಟೀನಿನವರು ಮುನಿಸಿಕೊಂಡರು, ಅಧ್ಯಾಪಕರ ಕೋಣೆಯಲ್ಲಿ ಎರಡು ಪಕ್ಷವಾಯಿತು. ಬಸ್‌ಸ್ಟ್ಯಾಂಡಿನ ಏಜೆಂಟರ ಹತ್ತಿರ ಹೋಗಿ ಹತ್ತು ನಿಮಿಷ ತಡವಾಗಿ ಬಿಡಿಸಲು ಆದೀತೆ ಎಂದು ಕೇಳಿದೆ. "ಮೇಡಂ, ಹತ್ತು ನಿಮಿಷ ತಡ ಮಾಡಿದರೆ ಹಿಂದಿನ ಬಸ್ಸಿನವನು ನಮ್ಮ ಪ್ಯಾಸೆಂಜರನ್ನೆಲ್ಲ ಎತ್ತಿಕೊಂಡು ಹೋಗುತ್ತಾನೆ. ಟೈಮಿಂಗ್ ಪರ್ಮಿಟ್ಟಿನಲ್ಲಿಯೇ ಇರುತ್ತದೆ. ಐದು ನಿಮಿಷ ಬೇಕಾದರೆ ಟೀ ಕುಡಿಯುತ್ತೇನೆ" ಎಂದರು. ಆ ಐದು ನಿಮಿಷದ ಟೀ ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿದೆ. ಆರನೆಯ ವಾರ ಕೊನೆಯ ಪೀರಿಯಡ್‌ನಲ್ಲಿ 34 ಜನ ಕೂತಿದ್ದರು.

ಇಷ್ಟನ್ನು ಹಿಡಿದುಕೊಂಡು ಸಂಶೋಧನಾ ಸಲಹಾ ಸಮಿತಿಯ ಮುಂದೆ ಹೋದರೆ ಒಬ್ಬ ಸದಸ್ಯರು, ಒಂದು ಕಾಲೇಜು, ಒಂದು ಬಸ್ಸು, ಇದರಲ್ಲಿ ಸಿದ್ಧಾಂತ ಎಲ್ಲಿದೆ ಎಂದು ಕೇಳಿದರು. ಈ ಕೋರ್ಸಿನ ನಿಜವಾದ ಬಿರುಕು ಇಲ್ಲಿದೆ. ಅಮೆರಿಕದಲ್ಲಿ ಇಂಥ ಓದಿಗೆ ಬೇರೆಯೇ ಪದವಿ ಇದೆ, ಎಡ್.ಡಿ., ಅಂದರೆ ಡಾಕ್ಟರ್ ಆಫ್ ಎಜುಕೇಶನ್. ಹಾರ್ವರ್ಡ್ 1920ರಲ್ಲಿ ಶಿಕ್ಷಣಕ್ಕೆಂದೇ ಪ್ರತ್ಯೇಕ ಶಾಲೆ ತೆರೆದಾಗ ಶುರುವಾದದ್ದು. ಅದು ಪಿಎಚ್.ಡಿ.ಯ ಬಡ ತಂಗಿಯಂತಾಗಿದೆ ಎಂಬ ದೂರು ಬಹಳ ಕಾಲ ಇತ್ತು. 2007ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ಆಶ್ರಯದಲ್ಲಿ ಹಲವು ವಿಶ್ವವಿದ್ಯಾಲಯಗಳು ಸೇರಿ ಅದನ್ನು ಹೊಸದಾಗಿ ರೂಪಿಸಲು ಹೊರಟವು: ಕೆಲಸದಲ್ಲಿರುವವರು ತಮ್ಮ ಕೆಲಸದ ಸ್ಥಳದ ಒಂದು ತೊಡಕನ್ನೇ ಹಿಡಿದು, ಅದನ್ನು ಸರಿಪಡಿಸುವ ಪ್ರಯತ್ನವನ್ನೇ ಪ್ರಬಂಧವಾಗಿಸಬೇಕು. ನಮ್ಮ ಕೈಪಿಡಿಯನ್ನು ಬರೆದವರು ಈ ಮಾತುಗಳನ್ನು ಅಲ್ಲಿಂದ ಇಳಿಸಿಕೊಂಡಿದ್ದಾರೆ. ಆದರೆ ಪರೀಕ್ಷಿಸುವವರು ಕೂತಿರುವುದು ಪಿಎಚ್.ಡಿ.ಯ ಕುರ್ಚಿಯಲ್ಲಿ. ಬೀಜ ಅಲ್ಲಿನದು, ಅಳೆಯುವ ಕೊಳಗ ಇಲ್ಲಿನದು. ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ಆ ಸಮಿತಿಯ ಮುಂದೆ ನಿಲ್ಲಬೇಕು. ಮೂರು ಸಲ ಇದೇ ಪ್ರಶ್ನೆಗೆ ಉತ್ತರ ಕೊಟ್ಟಿದ್ದೇನೆ.

ಮಾರ್ಗದರ್ಶಕರ ವಿಷಯ. ಮೊದಲು ಕೊಟ್ಟವರು 14 ತಿಂಗಳಿಗೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋದರು. ಅದನ್ನು ನಾನು ತಿಳಿದದ್ದು ಅವರ ಬೀಳ್ಕೊಡುಗೆಯ ಫೋಟೋ ನೋಡಿ. ನಾಲ್ಕು ತಿಂಗಳು ಯಾರೂ ಇರಲಿಲ್ಲ, ಶುಲ್ಕದ ನೆನಪೋಲೆ ಮಾತ್ರ ತಪ್ಪದೆ ಬರುತ್ತಿತ್ತು. ಆಮೇಲೆ ಬಂದವರ ಸಂಶೋಧನೆ ಹೋಟೆಲ್ ಉದ್ಯಮದ ಮೇಲೆ ಎಂದು ಕೇಳಿ ಎದೆ ಒಡೆಯಿತು. ನನ್ನ ಅಂದಾಜು ಪೂರ್ತಿ ತಪ್ಪಾಗಿತ್ತು. ಆ ಮೇಡಂ ಒಂದು ಅಧ್ಯಾಯ ಕಳಿಸಿದರೆ ವಾರದೊಳಗೆ ಓದಿ, ಸಂಜೆ ಮಹಡಿಯ ಮೇಲೆ ನಡೆಯುತ್ತ ಹತ್ತು ಹನ್ನೊಂದು ನಿಮಿಷದ ಧ್ವನಿ ಸಂದೇಶ ಕಳಿಸುತ್ತಾರೆ. ಹಿಂದೆ ಕಾಗೆಯ ಕೂಗು, ಕುಕ್ಕರಿನ ಸೀಟಿ ಎಲ್ಲ ಕೇಳುತ್ತದೆ. ಹೋಟೆಲಿನಲ್ಲಿ ಊಟದ ಹೊತ್ತಿಗೆ ಪಾಳಿ ಬದಲಾಗುವುದನ್ನು ಇಪ್ಪತ್ತು ವರ್ಷ ನೋಡಿದವರಿಗೆ ನನ್ನ ವೇಳಾಪಟ್ಟಿಯ ಗೋಳು ಒಂದೇ ಮಾತಿಗೆ ಅರ್ಥವಾಯಿತು. ಈ ಕೋರ್ಸಿನ ಆನ್‌ಲೈನ್ ಭಾಗದಲ್ಲಿ ನಿಜವಾಗಿ ಕೆಲಸ ಮಾಡಿದ್ದು ಆ ಧ್ವನಿ ಸಂದೇಶಗಳು. ಅದಕ್ಕೆ ಎರಡು ಕಡ್ಡಿ ನೆಟ್‌ವರ್ಕ್ ಸಾಕು.

ಅಂಕ ಕೊಡಲೇಬೇಕಾದರೆ ಬಿಡಿಬಿಡಿಯಾಗಿ ಕೊಡುತ್ತೇನೆ. ಆನ್‌ಲೈನ್ ತರಗತಿಗೆ ಐದಕ್ಕೆ ಎರಡು. ಕಚೇರಿಗೆ ಒಂದು, ಅದೂ ಆ ಹತ್ತು ನಿಮಿಷದ ಗುಮಾಸ್ತರಿಗಾಗಿ. ಬೆಂಗಳೂರಿನ ವಾರಾಂತ್ಯಕ್ಕೆ ನಾಲ್ಕೂವರೆ. ಕ್ಯಾಂಟೀನಿನ ಸಾರಿಗೆ ಬೆಲ್ಲ ಹಾಕುತ್ತಾರೆ, ಅದಕ್ಕೆ ಅರ್ಧ ಕಳೆದಿದ್ದೇನೆ. ಈಗಿನ ಮಾರ್ಗದರ್ಶಕರಿಗೆ ಐದು.

ಮೊನ್ನೆ ಸಾಗರದ ಕಡೆಯ ಪರಿಚಯದ ಅಧ್ಯಾಪಕರೊಬ್ಬರು ಫೋನ್ ಮಾಡಿ ಸೇರಲೆ ಎಂದು ಕೇಳಿದರು. ಪದವಿಯ ಮೇಲೆ ಯಾವ ವಿಷಯ ಅಚ್ಚಾಗುತ್ತದೆ ಎಂದು ಬರಹದಲ್ಲಿ ತರಿಸಿಕೊಳ್ಳಿ ಎಂದೆ. ನಿಮ್ಮ ಮಾರ್ಗದರ್ಶಕರ ನಿವೃತ್ತಿ ಯಾವಾಗ ಎಂದು ನಾಚಿಕೆ ಬಿಟ್ಟು ಕೇಳಿ ಎಂದೆ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ ಎಂದು ಯುಜಿಸಿಯ 2022ರ ಪಿಎಚ್.ಡಿ. ನಿಯಮದಲ್ಲಿದೆ. ಅದೇ ನಿಯಮದಂತೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಮರುನೋಂದಣಿ ಮಾಡಿಸಿದರೆ ಇನ್ನೆರಡು, ಹೆಂಗಸರಿಗೆ ಅದರ ಮೇಲೆ ಮತ್ತೆರಡು. ಹತ್ತು ವರ್ಷವೆ ಎಂದು ಅವರು ಗಾಬರಿಯಾದರು. ನಾನು ಅವರನ್ನು ಇನ್ನೊಂದು ಕೇಳಿದೆ: ನಿಮ್ಮ ಕಾಲೇಜಿನಲ್ಲಿ ನಿಮಗೆ ನಿದ್ದೆ ಕೆಡಿಸುವ ಸಂಗತಿ ಯಾವುದಾದರೂ ಇದೆಯೆ? ಸ್ವಲ್ಪ ಹೊತ್ತು ಸುಮ್ಮನಿದ್ದು, ಬಡ್ತಿ ಎಂದರು. ಹಾಗಾದರೆ ಹತ್ತಿರದಲ್ಲಿ ಎಲ್ಲಾದರೂ ನಿಮ್ಮ ವಿಷಯದಲ್ಲಿಯೇ ಮಾಡಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಇದೆಯಲ್ಲ ಎಂದೆ. ಬಡ್ತಿಗೆ ನಿಮ್ಮ ವಿಷಯದ ಪಿಎಚ್.ಡಿ. ಸಾಕು. ಇದಕ್ಕೆ ಮಾತ್ರ ಗಂಟಲಿನಲ್ಲಿ ಸಿಕ್ಕಿಕೊಂಡ ಒಂದು ಮುಳ್ಳು ಇರಬೇಕು.

ಎಲ್ಲ ಸರಿಯಾಗಿ ನಡೆದರೆ ಮುಂದಿನ ಬೇಸಿಗೆಯಲ್ಲಿ ವೈವಾ. ಅದು ಬಹಿರಂಗವಾಗಿ ನಡೆಯುತ್ತದೆ, ಯಾರು ಬೇಕಾದರೂ ಕೂತು ಕೇಳಬಹುದು ಎಂದು ಊಟದ ಹೊತ್ತಿನಲ್ಲಿ ಬಾಯಿ ತಪ್ಪಿ ಹೇಳಿದೆ. ಅತ್ತೆ ಆ ಕ್ಷಣವೇ ಬರುವುದೆಂದು ತೀರ್ಮಾನಿಸಿಬಿಟ್ಟರು. ಅವರಿಗೆ 78, ರಾತ್ರಿ ರೈಲು ಆಗದು. ಏನಾದರೂ ದಾರಿ ಇದೆಯೆ ಎಂದು ವಿಶ್ವವಿದ್ಯಾಲಯಕ್ಕೆ ಬರೆದೆ. ಈ ಸಲ ಎರಡೇ ದಿನದಲ್ಲಿ ಉತ್ತರ ಬಂತು. ಕುಟುಂಬದವರು ಹೈಬ್ರಿಡ್ ವಿಧಾನದಲ್ಲಿ ವೀಕ್ಷಿಸಬಹುದು, ದಯವಿಟ್ಟು ತಮ್ಮ ಇಂಟರ್ನೆಟ್ ಸಂಪರ್ಕ ಸ್ಥಿರವಾಗಿರುವಂತೆ ನೋಡಿಕೊಳ್ಳಿ. ಸೊಸೈಟಿಯ ಕಾರ್ಯದರ್ಶಿಗೆ ಹೇಳಿ, ಗೊಬ್ಬರದ ಚೀಲಗಳನ್ನು ಸ್ವಲ್ಪ ಆಚೆ ಸರಿಸಿ, ಕೈಯಿರುವ ಒಂದು ಕುರ್ಚಿ ಹಾಕಿಸಬೇಕು.